ಐಸೆನ್‌ಹೋವರ್ ಮಾತನ್ನು ಕನ್ನಡಕ್ಕೆ ತಂದಾಗ

ನಾನು ಹೈಸ್ಕೂಲಿನಲ್ಲಿ ಇತಿಹಾಸ ಮೇಷ್ಟ್ರು. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ಇಸವಿಗಳನ್ನು ಬಾಯಿಪಾಠ ಮಾಡಿಸಿ ಮುಗಿಸುತ್ತಿದ್ದೆ. ಈ ಸಲ ಒಂದು ಕಾಗದ ಓದಿಸೋಣ ಅನ್ನಿಸಿತು. 1944ರ ಜೂನ್ 6ರಂದು ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ ಇಳಿಯುವ ಮುಂಚೆ ಮಿತ್ರಪಡೆಗಳ ಮುಖ್ಯಸ್ಥ ಜನರಲ್ ಐಸೆನ್‌ಹೋವರ್ ಸುಮಾರು 1,75,000 ಸೈನಿಕರಿಗೆ ಹಂಚಿಸಿದ ಸಂದೇಶ ಅದು. ಫೆಬ್ರವರಿಯಲ್ಲೇ ಬರೆಯಲು ಶುರುಮಾಡಿದ್ದರಂತೆ. ಒಂದೇ ಪುಟ ತಾನೇ, ಒಂದು ಸಂಜೆ ಸಾಕು ಅಂದುಕೊಂಡೆ. ನಾಲ್ಕು ಸಂಜೆ ಹಿಡಿಯಿತು.

ಶುರುವಿನಲ್ಲೇ ಎಡವಿದೆ. ‘ಜಗತ್ತಿನ ಕಣ್ಣು ನಿಮ್ಮ ಮೇಲಿದೆ’ ಅಂತ ಬರೆದು ಜೋರಾಗಿ ಓದಿದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ, “ಯುದ್ಧಕ್ಕೆ ಹೋಗೋ ಮಕ್ಕಳ ಮೇಲೆ ಕಣ್ಣು ಹಾಕ್ತಾರೇನೋ? ಮೊದ್ಲು ದೃಷ್ಟಿ ತೆಗೀರಿ” ಅಂದರು. ‘ಇಡೀ ಜಗತ್ತು ನಿಮ್ಮನ್ನೇ ನೋಡುತ್ತಿದೆ’ ಅಂತ ತಿದ್ದಿದೆ.

ಇನ್ನು ‘ಕ್ರುಸೇಡ್’ ಅನ್ನೋ ಪದ. ಧರ್ಮಯುದ್ಧ ಅಂದರೆ ಮಕ್ಕಳ ತಲೆಯಲ್ಲಿ ಕುರುಕ್ಷೇತ್ರವೇ ಬರುತ್ತದೆ. ಅಲ್ಲಿ ಸೂರ್ಯ ಮುಳುಗಿದರೆ ಯುದ್ಧ ಬಂದ್ ಅನ್ನೋದು ನಿಯಮ. ಇಲ್ಲಿ ವಿಮಾನದಿಂದ ಧುಮುಕುವ ಪ್ಯಾರಾಟ್ರೂಪರ್‌ಗಳು ಇಳಿದದ್ದೇ ನಡುರಾತ್ರಿ. ‘ಮಹಾ ಹೋರಾಟ’ ಅಂದೆ. ಸ್ವಲ್ಪ ಸಪ್ಪೆ, ಒಪ್ಪುತ್ತೇನೆ.

ನನಗೆ ಜಾಸ್ತಿ ಹಿಡಿಸಿದ್ದು ನಡುವಿನ ಸಾಲುಗಳು. ‘ನಿಮ್ಮ ಕೆಲಸ ಸುಲಭದ್ದಲ್ಲ. ಶತ್ರು ಚೆನ್ನಾಗಿ ತರಬೇತಾದವನು, ಆಯುಧಕ್ಕೆ ಕೊರತೆ ಇಲ್ಲದವನು, ಯುದ್ಧದಲ್ಲಿ ಪಳಗಿದವನು.’ ಹುರಿದುಂಬಿಸೋ ಮಾತಿನಲ್ಲಿ ಎದುರಾಳಿಯ ಬಲವನ್ನು ಯಾರಾದರೂ ಹೀಗೆ ಎಣಿಸಿ ಹೇಳ್ತಾರಾ?

ಇದರ ಜೊತೆ ಇನ್ನೊಂದು ಚೀಟಿಯನ್ನೂ ಓದಿಸಲೇಬೇಕಿತ್ತು. ದಾಳಿ ಸೋತರೆ ಹೊರಡಿಸಲು ಅಂತ ಜೂನ್ 5ರಂದು ಅವರು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡದ್ದು. ಆ ಗಡಿಬಿಡಿಯಲ್ಲಿ ತಾರೀಖು ‘ಜುಲೈ 5’ ಅಂತ ಹಾಕಿದ್ದಾರೆ. ನಾನು ಸರಾಗವಾಗಿ ಬರೆದೆ: ‘ಸೇನೆಯನ್ನು ಹಿಂತೆಗೆದುಕೊಳ್ಳಲಾಗಿದೆ.’ ಸುತ್ತೋಲೆ ಓದಿ ಓದಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆಮೇಲೆ ಚೀಟಿಯ ಫೋಟೋ ನೋಡಿದೆ. ಅವರೂ ಮೊದಲು ಹಾಗೇ ಬರೆದಿದ್ದರು! ಅದನ್ನು ಹೊಡೆದುಹಾಕಿ ‘ನಾನು ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡಿದ್ದೇನೆ’ ಅಂತ ಮಾಡಿದ್ದಾರೆ. ಮುಂದಿನ ಸಾಲಿನಲ್ಲಿ ‘ಈ ಕಾರ್ಯಾಚರಣೆ’ ಅನ್ನೋದಕ್ಕೂ ಗೀಟು. ಅಲ್ಲಿ ‘ದಾಳಿ ಮಾಡುವ ನನ್ನ ತೀರ್ಮಾನ’ ಅಂತಿದೆ. ನಮ್ಮಲ್ಲಿ ‘ತಪ್ಪಾಯ್ತು’ ಅಂದರೆ ಸಾಕು, ತಪ್ಪು ತಾನಾಗೇ ಆಗಿಬಿಡುತ್ತದೆ, ಮಾಡಿದವರು ಯಾರೂ ಇರೋದಿಲ್ಲ, ಅಲ್ವಾ? ನಾನೂ ಗೀಟು ಎಳೆದು, ‘ನಾನು’ ಸೇರಿಸಿ, ಹಾಳೆಯನ್ನು ಮೊದಲಿನಿಂದ ಬರೆದೆ.

ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗನಿಂದ ಓದಿಸಿದೆ. ‘ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ’ ಅಂತ ಮುಗಿಸಿ ಅವನು ಕೂರಲಿಲ್ಲ.

“ಸಾರ್, ಗೆದ್ರಲ್ಲ, ಮತ್ತೆ ಈ ಚೀಟಿ ಯಾಕೆ ಹರಿದು ಹಾಕಲಿಲ್ಲ?”

ಜುಲೈಯಲ್ಲಿ ಅದು ಅವರ ಪರ್ಸಿನಲ್ಲಿ ಸಿಕ್ಕಿತು, ಸಹಾಯಕ ಹ್ಯಾರಿ ಬುಚರ್ ಕೇಳಿ ಇಸ್ಕೊಂಡರು, ಅದಕ್ಕೇ ಉಳೀತು ಅಂದೆ.