ಚಳಿಗಾಲದಲ್ಲಿ ಬಿಸಿನೀರು ಸಾಲುತ್ತಿಲ್ವಾ? ಹೊಸದಾಗಿ ಬಂದವರು ಮೊದಲು ಇದನ್ನು ನೋಡಿ

ಚಳಿ ಶುರುವಾದ ಕೂಡಲೇ ಈ ಚಳಿ ದೇಶಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಕೇಳುವ ಪ್ರಶ್ನೆ ಇದು. "ಬೇಸಿಗೆಯಲ್ಲಿ ಎಲ್ಲರ ಸ್ನಾನ ಆದಮೇಲೂ ಬಿಸಿನೀರು ಉಳಿಯುತ್ತಿತ್ತು, ಈಗ ಮೂರನೆಯವರು ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ತಣ್ಣೀರು ಬರುತ್ತೆ, ಹೀಟರ್ ಕೆಟ್ಟಿದೆಯಾ?" ಕೆಟ್ಟಿರಬಹುದು, ಕೆಡದೆಯೂ ಇರಬಹುದು. ರಿಪೇರಿಯವರನ್ನು ಕರೆಸುವ ಮೊದಲು ಒಂದು ಸಂಜೆ ನೀವೇ ಅಳತೆ ಮಾಡಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಚಳಿಗಾಲದಲ್ಲಿ ಪೈಪಿನಲ್ಲಿ ಬರುವ ನೀರೇ ತುಂಬಾ ತಣ್ಣಗಿರುತ್ತದೆ. ಬೇಸಿಗೆಯಲ್ಲಿ 20 ಡಿಗ್ರಿ ಇದ್ದ ನೀರು ಈಗ 5 ಡಿಗ್ರಿಗೆ ಇಳಿದಿದೆ ಅಂದುಕೊಳ್ಳಿ. ಟ್ಯಾಂಕಿನಲ್ಲಿ 60 ಡಿಗ್ರಿ ನೀರಿದೆ, ನಿಮಗೆ ಶವರಿನಲ್ಲಿ ಬೇಕಾದದ್ದು 40. ಬೇಸಿಗೆಯಲ್ಲಿ ಅರ್ಧ ಬಿಸಿನೀರು, ಅರ್ಧ ತಣ್ಣೀರು ಬೆರೆಸಿದರೆ ಸಾಕಿತ್ತು. ಈಗ ನೂರಕ್ಕೆ 64 ಪಾಲು ಬಿಸಿನೀರೇ ಬೇಕು. 150 ಲೀಟರ್ ಟ್ಯಾಂಕಿನಲ್ಲಿ ಸುಮಾರು 105 ಲೀಟರ್ ಮಾತ್ರ ಚೆನ್ನಾಗಿ ಬಿಸಿಯಾಗಿ ಸಿಗುತ್ತದೆ, ಯಾಕೆಂದರೆ ನೀವು ಬಳಸಿದಷ್ಟೂ ಕೆಳಗಿನಿಂದ ತಣ್ಣೀರು ತುಂಬಿಕೊಳ್ಳುತ್ತಾ ಹೋಗುತ್ತದೆ. ಶವರ್ ನಿಮಿಷಕ್ಕೆ 9 ಲೀಟರ್ ಸುರಿಯುತ್ತಿದ್ದರೆ ಬೇಸಿಗೆಯಲ್ಲಿ 23 ನಿಮಿಷ ಬರುತ್ತಿದ್ದದ್ದು ಈಗ 18 ನಿಮಿಷಕ್ಕೆ ಮುಗಿಯುತ್ತದೆ. ಖಾಲಿಯಾದ ಟ್ಯಾಂಕ್ ಮತ್ತೆ ಕಾಯಲಿಕ್ಕೂ ಜಾಸ್ತಿ ಹೊತ್ತು ಬೇಕು. 3 ಕಿಲೋವ್ಯಾಟ್ ಹೀಟರಿಗೆ ಬೇಸಿಗೆಯಲ್ಲಿ ಸುಮಾರು ಎರಡೂಕಾಲು ಗಂಟೆ ಸಾಕಿದ್ದರೆ ಈಗ ಮೂರು ಗಂಟೆ ದಾಟುತ್ತದೆ.

ಹಾಗಾಗಿ ಸ್ವಲ್ಪ ಕಡಿಮೆಯಾದರೆ ಗಾಬರಿ ಬೇಡ. ಶವರ್ ಕೆಳಗೆ 10 ಲೀಟರ್ ಬಕೆಟ್ ಇಟ್ಟು ನೋಡಿ, ಒಂದು ನಿಮಿಷಕ್ಕೆ ಮೊದಲೇ ತುಂಬಿದರೆ ಶವರಿನ ತಲೆಯೇ ನೀರು ಕುಡಿಯುತ್ತಿದೆ. ಕಡಿಮೆ ನೀರು ಬಿಡುವ ಶವರ್ ಹೆಡ್ ಹಾಕಿ, ಇಬ್ಬರ ಸ್ನಾನದ ನಡುವೆ ಒಂದು ಗಂಟೆ ಬಿಡಿ.

ಆದರೆ 18 ನಿಮಿಷ ಬರಬೇಕಾದದ್ದು ಐದೇ ನಿಮಿಷಕ್ಕೆ ನಿಂತರೆ ಚಳಿಯನ್ನು ದೂರಬೇಡಿ. ನನ್ನ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ತಪ್ಪು ಇದೇ. "ಚಳಿ ಅಲ್ವಾ, ಹೀಗೇ ಇರಬೇಕು" ಅಂದುಕೊಂಡು ಥರ್ಮೋಸ್ಟಾಟ್ (ನೀರು ಎಷ್ಟು ಬಿಸಿಯಾಗಬೇಕು ಅಂತ ಹೊಂದಿಸುವ ಗುಂಡಿ) ತಿರುಗಿಸುತ್ತಾ ಎರಡು ತಿಂಗಳು ಕಳೆದೆ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು, ಬ್ರೇಕರ್ ಆಫ್ ಮಾಡಿ, ಟ್ಯಾಂಕಿನ ಕೆಳಗಿನ ಮುಚ್ಚಳ ಬಿಚ್ಚಿ ಮೀಟರ್ ಹಿಡಿದ. ಮುಳ್ಳು ಅಲ್ಲಾಡಲೇ ಇಲ್ಲ, ಅಂದರೆ ನೀರು ಕಾಯಿಸುವ ಸರಳು, ಅದೇ ಎಲಿಮೆಂಟ್, ಸತ್ತಿತ್ತು. ಹೊರಗೆ ತೆಗೆದ ಎಲಿಮೆಂಟ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು, ಮಧ್ಯದಲ್ಲಿ ಸೀಳು ಬಿಟ್ಟಿತ್ತು. ಎರಡು ಎಲಿಮೆಂಟ್ ಇರುವ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಮೊದಲು ಮೇಲಿನದು ಕಾಯಿಸುತ್ತದೆ, ಅದಾದ ಮೇಲೆ ಕೆಳಗಿನದಕ್ಕೆ ಕರೆಂಟ್ ಹೋಗುತ್ತದೆ. ಕೆಳಗಿನದು ಸತ್ತರೆ ಮೇಲಿನ ಒಂದಷ್ಟು ನೀರು ಮಾತ್ರ ಕಾಯುತ್ತದೆ. ಅದಕ್ಕೇ ಮೊದಲು ಸುಡುಸುಡು ಬಂದು ತಟ್ಟನೆ ತಣ್ಣಗಾಗುತ್ತದೆ. ಮೇಲಿನದು ಸತ್ತರೆ ಬಿಸಿನೀರೇ ಇರುವುದಿಲ್ಲ.

ನೀರು ಶುರುವಿನಿಂದಲೇ ಉಗುರುಬೆಚ್ಚಗೆ ಬರುತ್ತಿದ್ದರೆ ಕಥೆ ಬೇರೆ. ಮೂರ್ನಾಲ್ಕು ಗಂಟೆ ಯಾರೂ ಬಳಸದೆ ಬಿಟ್ಟು, ಟ್ಯಾಂಕಿಗೆ ಹತ್ತಿರದ ನಲ್ಲಿ ತೆರೆದು, ಅಡುಗೆಮನೆಯ ಥರ್ಮಾಮೀಟರ್ ಹಿಡಿದು ಎಷ್ಟು ಡಿಗ್ರಿ ಇದೆ ಅಂತ ಬರೆದುಕೊಳ್ಳಿ. ಆಮೇಲೆ ಹೀಟರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ ಒಂದು ಬಿಸಿನೀರಿನ ನಲ್ಲಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಮನೆಯೊಳಗೆ ಎಲ್ಲೋ ಒಂದು ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ, ಹೀಟರಿನದು ತಪ್ಪೇನಿಲ್ಲ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆಯಲು ಮರೆಯಬೇಡಿ. ನೀರು ನಿಂತರೆ ಥರ್ಮೋಸ್ಟಾಟ್ ನೋಡಿಸಿ. ಟ್ಯಾಂಕಿನೊಳಗೆ ತಣ್ಣೀರನ್ನು ತಳಕ್ಕೆ ಇಳಿಸುವ ಪ್ಲಾಸ್ಟಿಕ್ ಕೊಳವೆ ಇರುವ ಮಾದರಿಯಾದರೆ ಅದೂ ಮುರಿದಿರಬಹುದು, ಆಗ ತಣ್ಣೀರು ಮೇಲೆಯೇ ಬಿಸಿನೀರಿನ ಜೊತೆ ಬೆರೆಯುತ್ತದೆ. ಕಾಯುವಾಗ ಟ್ಯಾಂಕಿನಿಂದ ಲೊಟಲೊಟ ಸದ್ದು ಬಂದರೆ ತಳದಲ್ಲಿ ಸುಣ್ಣದ ಹೂಳು ತುಂಬಿದೆ, ತೊಳೆಸಬೇಕು. ಟೈಮರ್ ಇದ್ದರೆ ಅದರ ಗಡಿಯಾರವನ್ನೂ ನೋಡಿ. ಚಳಿಗಾಲಕ್ಕೆ ಊರಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುವ ಕಡೆ ಇದನ್ನು ಬದಲಾಯಿಸಲು ಎಲ್ಲರೂ ಮರೆಯುತ್ತಾರೆ.

ಟ್ಯಾಂಕ್ ಇಲ್ಲದ ಬಾಯ್ಲರ್ ಆದರೆ ನೀರು ಮುಗಿಯುವುದಿಲ್ಲ, ಸಣ್ಣಗಾಗುತ್ತದೆ ಇಲ್ಲವೇ ತಣ್ಣಗಾಗುತ್ತದೆ. 24 ಕಿಲೋವ್ಯಾಟಿನದು 5 ಡಿಗ್ರಿ ನೀರನ್ನು 40ಕ್ಕೆ ಏರಿಸಿ ಕೊಡುವುದು ನಿಮಿಷಕ್ಕೆ 10 ಲೀಟರ್ ಒಳಗೆ ಮಾತ್ರ. ಶವರ್ ಓಡುವಾಗ ಅಡುಗೆಮನೆಯಲ್ಲಿ ಬಿಸಿನೀರು ಬಿಡದಿದ್ದರೆ ಸಾಕು.

ಒಂದು ಮಾತು ಖಂಡಿತ ಕೇಳಿ. ಸುಮ್ನೆ ಥರ್ಮೋಸ್ಟಾಟ್ ಏರಿಸುತ್ತಾ ಹೋಗಬೇಡಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳ ಚರ್ಮ ಇನ್ನೂ ಬೇಗ. ಹಾಗಂತ ತೀರಾ ಇಳಿಸಿದರೆ ಟ್ಯಾಂಕಿನಲ್ಲಿ ಶ್ವಾಸಕೋಶಕ್ಕೆ ಕಾಯಿಲೆ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಟ್ಯಾಂಕ್ 60ರಲ್ಲಿ ಇರಲಿ, ನಲ್ಲಿಗೆ ಹೋಗುವ ದಾರಿಯಲ್ಲಿ ತಣ್ಣೀರು ಬೆರೆಸುವ ವಾಲ್ವ್ ಹಾಕಿಸಿ. ಎಲಿಮೆಂಟ್, ಗ್ಯಾಸ್ ಇವೆರಡಕ್ಕೂ ನೀವು ಕೈ ಹಾಕಬೇಡಿ.

ಬಾಡಿಗೆ ಮನೆಯಾದರೆ ಫೋನಿನಲ್ಲಿ ಹೇಳಿ ಬಿಡಬೇಡಿ, ಬರೆದು ಕಳಿಸಿ. "ಬಿಸಿನೀರು ಸರಿಯಾಗಿ ಬರುತ್ತಿಲ್ಲ" ಅಂತ ಬರೆದರೆ ಓನರ್ ಚಳಿಯ ಮೇಲೆ ಹಾಕುತ್ತಾರೆ. "ನಾಲ್ಕು ಗಂಟೆ ಕಾದ ಮೇಲೆ ನಲ್ಲಿಯಲ್ಲಿ 58 ಡಿಗ್ರಿ ಇತ್ತು, ಐದು ನಿಮಿಷಕ್ಕೆ 25ಕ್ಕೆ ಇಳಿಯಿತು, ಮೂರು ದಿನ ಹೀಗೇ ಆಯಿತು" ಅಂತ ತಾರೀಕು ಸಮೇತ ಬರೆಯಿರಿ. ಅದನ್ನೇ ರಿಪೇರಿಗೆ ಬಂದವರಿಗೂ ತೋರಿಸಿ.