ಓಪನ್ ಬಾಕ್ಸ್ ಪಿಸಿ ಪಾರ್ಟ್ಸ್ ತಗೊಳ್ಳೋರಿಗೆ

ದೊಡ್ಡ ಡಿಸ್ಕೌಂಟ್ ಮಳಿಗೆಗಳಲ್ಲಿ ತೀರಾ ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಓಪನ್ ಬಾಕ್ಸ್ ಮಾಲು, ಅಂದ್ರೆ ಯಾರೋ ಒಯ್ದು ವಾಪಸ್ ಕೊಟ್ಟಿದ್ದು. ಮದರ್‌ಬೋರ್ಡ್ ಆದ್ರೆ ಕೌಂಟರಲ್ಲೇ ಪ್ರೊಸೆಸರ್ ಕೂರೋ ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್‌ಗಳು ಸಾಲಾಗಿ ಒಂದೇ ಸಮ ಮಿನುಗಬೇಕು. ಎಲ್ಲಾದ್ರೂ ಹೊಳಪು ತಪ್ಪಿದ್ರೆ ಅಲ್ಲಿ ಪಿನ್ ಬಾಗಿರಬಹುದು. ಒಂದೇ ಪಿನ್ ಬಾಗಿದ್ರೂ ಒಂದು ರ‍್ಯಾಮ್ ಚಾನೆಲ್ (ಸ್ಲಾಟ್‌ಗಳ ಒಂದು ಗುಂಪು) ಪೂರ್ತಿ ಕಾಣದೆ ಹೋಗಬಹುದು, ವಾರಂಟಿಯೂ ಸಾಮಾನ್ಯವಾಗಿ ಸಿಗಲ್ಲ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಆದ್ರೆ ಪಿನ್ ಇರೋದು ಪ್ರೊಸೆಸರ್‌ನಲ್ಲಿ, ಅದನ್ನ ತಿರುಗಿಸಿ ನೋಡಿ. ಐಒ ಶೀಲ್ಡ್ (ಹಿಂದಿನ ಪೋರ್ಟ್‌ಗಳ ಸುತ್ತ ಕೂರೋ ತಗಡು), ಎಂ.2 ಎಸ್‌ಎಸ್‌ಡಿ ಬಿಗಿಯೋ ಸ್ಕ್ರೂ ಇದೆಯಾ ಅಂತಲೂ ಕೇಳಿ. ಆ ಪುಟ್ಟ ಸ್ಕ್ರೂ ಇಲ್ಲದಿದ್ರೆ ಎಸ್‌ಎಸ್‌ಡಿ ಒಂದು ತುದಿ ಮೇಲಕ್ಕೆದ್ದು ನಿಲ್ಲುತ್ತೆ.

ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಪವರ್ ಸಪ್ಲೈ ಮಾತ್ರ ಎಷ್ಟೇ ಅಗ್ಗ ಇರ್ಲಿ, ಸೀಲ್ ಒಡೆದಿದ್ರೆ ಬೇಡ. ಡಬ್ಬದಲ್ಲಿ ಬೇರೆ ಮಾಡೆಲ್‌ನ ಕೇಬಲ್ ಸೇರಿರಬಹುದು. ಪವರ್ ಸಪ್ಲೈ ಕಡೆಯ ಪಿನ್ ಜೋಡಣೆ ಎಲ್ಲ ಕಂಪನಿಗೂ ಒಂದೇ ಅಲ್ಲ. ಕನೆಕ್ಟರ್ ಸಲೀಸಾಗಿ ಕೂತರೂ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡ್ರೈವ್ ಸುಟ್ಟುಹೋಗಬಹುದು.

ಕಾಂಬೊ ಆಫರ್‌ನಲ್ಲಿ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ರೆ ಅದರೊಳಗೆ ಗ್ರಾಫಿಕ್ಸ್ ಇರಲ್ಲ, ಗ್ರಾಫಿಕ್ಸ್ ಕಾರ್ಡ್ ಬೇರೆ ಬೇಕೇ ಬೇಕು. ಹಳೇ ಸ್ಟಾಕ್ ಬೋರ್ಡ್‌ಗೆ ಹೊಸ ಪ್ರೊಸೆಸರ್ ಹಾಕೋದಾದ್ರೆ, ಬೋರ್ಡ್‌ನ ಮೂಲ ಸಾಫ್ಟ್‌ವೇರನ್ನ ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಮಾಡೋ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋದನ್ನೇ ಆರಿಸಿ. ರಿಟರ್ನ್ ಅವಧಿ ಮುಗಿಯೋದ್ರೊಳಗೆ ಎಲ್ಲ ಜೋಡಿಸಿ, ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ.