ಹಳೆ ಕ್ವಾರ್ಟರ್‌ಬ್ಯಾಕ್ ಇರುವಾಗಲೇ ಹೊಸಬ ಯಾಕೆ? ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ನೀವು ವಿಸ್ಕಾನ್ಸಿನ್ ಕಡೆ ಕೆಲಸಕ್ಕೆ ಬಂದಿದ್ದರೆ ಸೆಪ್ಟೆಂಬರ್‌ನಿಂದ ಪ್ರತಿ ಸೋಮವಾರ ಆಫೀಸಿನಲ್ಲಿ ಒಂದೇ ಮಾತು ಕೇಳುತ್ತೀರಿ: ನಿನ್ನೆಯ ಗ್ರೀನ್ ಬೇ ಪ್ಯಾಕರ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟ. ಆಟದ ನಿಯಮ ನಾಲ್ಕು ಭಾನುವಾರ ನೋಡಿದರೆ ಬರುತ್ತದೆ. ನನಗೆ ತುಂಬಾ ದಿನ ಅರ್ಥವಾಗದೆ ಉಳಿದದ್ದು ಬೇರೆ. 2020ರ ಏಪ್ರಿಲ್‌ನಲ್ಲಿ ಪ್ಯಾಕರ್ಸ್ ತಂಡ ಜೋರ್ಡನ್ ಲವ್ ಎಂಬ ಹುಡುಗನನ್ನು ಆರಿಸಿಕೊಂಡಿತು. ಆಗ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು, ಆ್ಯರನ್ ರಾಜರ್ಸ್; ಲವ್ ಕೂಡ ಅದೇ ಜಾಗದವನು. ಹಿಂದಿನ ಸೀಸನ್‌ನಲ್ಲಿ ತಂಡ 13 ಆಟ ಗೆದ್ದಿತ್ತು. ನಮ್ಮ ಪಕ್ಕದ ಮನೆಯ ಹಿರಿಯರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಚೆನ್ನಾಗಿ ಆಡುವವನು ಮನೆಯಲ್ಲೇ ಇರುವಾಗ ಇನ್ನೊಬ್ಬ ಯಾಕೆ, ಅಲ್ವಾ?

ಮೊದಲು ಜಾಗದ ಮಾತು. ಕ್ರಿಕೆಟ್‌ನಲ್ಲಿ ಹೊಸ ಬ್ಯಾಟ್ಸ್‌ಮನ್ ಬಂದರೆ ಆರನೇ ನಂಬರಿನಲ್ಲಿ ಆಡಿಸಿ ನೋಡಬಹುದು. ಕ್ವಾರ್ಟರ್‌ಬ್ಯಾಕ್ ಹಾಗಲ್ಲ. ಮೈದಾನದಲ್ಲಿ ಆ ಕೆಲಸಕ್ಕೆ ಒಬ್ಬನೇ. ನಮಗೆ ಹತ್ತಿರದ ಉದಾಹರಣೆ ಅಂದರೆ ವಿಕೆಟ್‌ಕೀಪರ್. ನಮ್ಮ ಸೈಯದ್ ಕಿರ್ಮಾನಿ 1971ರಲ್ಲೂ 1974ರಲ್ಲೂ ಇಂಗ್ಲೆಂಡಿಗೆ ಹೋಗಿ ಫಾರೂಕ್ ಇಂಜಿನಿಯರ್ ಹಿಂದೆ ಕಾದು ಕೂತಿದ್ದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ, ಆಕ್ಲೆಂಡ್‌ನಲ್ಲಿ. ಆಮೇಲೆ ಒಟ್ಟು 88 ಟೆಸ್ಟ್ ಆಡಿದರು. ಆ ಕಾಯುವಿಕೆ ನೆನಪಿದ್ದರೆ ಲವ್ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಹಾಗಾದರೆ ಕಾಯುತ್ತಾ ಕಲಿಯುವುದೇನು? ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ಮುಂದಿನ ಪ್ಲೇ, ಅಂದರೆ ಚೆಂಡನ್ನು ಮುಂದಕ್ಕೆ ಒಯ್ಯುವ ಒಂದು ಯತ್ನ, ಯಾವುದು ಅಂತ ಕೋಚ್ ಅದರಲ್ಲಿ ಹೇಳುತ್ತಾರೆ. ಒಂದು ಪ್ಲೇ ಮುಗಿದ ಮೇಲೆ ಇನ್ನೊಂದು ಶುರು ಮಾಡಲು ಸಾಮಾನ್ಯವಾಗಿ 40 ಸೆಕೆಂಡ್. ಅದರಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ಬಂದ್ ಆಗುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ. ಎದುರು ನಿಂತ 11 ಜನರನ್ನು ನೋಡಿ, ಇವರು ನುಗ್ಗಿ ಬರುತ್ತಾರೋ ಹಿಂದೆ ಸರಿಯುತ್ತಾರೋ ಅಂತ ಊಹಿಸಬೇಕು. ಬೇಕಾದರೆ ಕೋಚ್ ಹೇಳಿದ್ದನ್ನೇ ಬದಲಿಸಬೇಕು. ಹಿರಿಯ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟು ಬೆಲೆ ಇರುವುದು ಆ 15 ಸೆಕೆಂಡಿಗೆ. ತೋಳಿನ ಶಕ್ತಿ 22 ವರ್ಷದ ಹುಡುಗನಿಗೂ ಇರುತ್ತದೆ. ಎದುರಿನವರ ಮೋಸವನ್ನು ಕಣ್ಣಲ್ಲೇ ಹಿಡಿಯುವುದು ಸುಮ್ನೆ ಬರುವುದಿಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿ ಪ್ರತಿ ತಂಡಕ್ಕೂ ಸ್ಯಾಲರಿ ಕ್ಯಾಪ್ ಇದೆ. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಹಣ ಅಂತ ಇರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. 2024ರಲ್ಲಿ ಅದು ಸುಮಾರು 255 ಮಿಲಿಯನ್ ಡಾಲರ್. ಅಷ್ಟರಲ್ಲೇ 53 ಜನರ ಪಡೆ ಸಾಕಬೇಕು. ಒಳ್ಳೆಯ ಹಿರಿಯ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಅದರ ಐದನೇ ಒಂದು ಭಾಗ ತಿನ್ನಬಹುದು. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಕಾಲೇಜಿನಿಂದ ಬರುವ ಹುಡುಗನ ಸಂಬಳ ಮಾತ್ರ ಚೌಕಾಸಿಯ ಮೇಲೆ ನಿಂತಿಲ್ಲ. ಎಷ್ಟನೆಯವನಾಗಿ ಆರಿಸಿದರು ಅನ್ನುವುದರ ಮೇಲೆಯೇ ಅದು ಹೆಚ್ಚು ಕಡಿಮೆ ನಿಗದಿಯಾಗಿರುತ್ತದೆ. ಒಪ್ಪಂದ 4 ವರ್ಷದ್ದು. ಮೊದಲ ಸುತ್ತಿನಲ್ಲಿ ಆರಿಸಿದವನಾದರೆ ತಂಡ ಬಯಸಿದಲ್ಲಿ ಐದನೇ ವರ್ಷವೂ ಉಂಟು. ಈ ಪದ್ಧತಿ ಬಂದದ್ದು 2011ರಲ್ಲಿ. 2010ರಲ್ಲಿ ಮೊದಲನೆಯವನಾಗಿ ಹೋದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸಿಕ್ಕ ಒಪ್ಪಂದ 6 ವರ್ಷಕ್ಕೆ 78 ಮಿಲಿಯನ್ ಡಾಲರ್. ಮರುವರ್ಷ ಅದೇ ಜಾಗದಲ್ಲಿ ಹೋದ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಸುಮಾರು 22 ಮಿಲಿಯನ್. ಹುಡುಗ ಕಡಿಮೆ ಸಂಬಳದಲ್ಲಿ ಚೆನ್ನಾಗಿ ಆಡಿದರೆ ಉಳಿದ ದುಡ್ಡಲ್ಲಿ ಅವನ ಸುತ್ತ ಒಳ್ಳೆಯ ತಂಡ ಕಟ್ಟಬಹುದು. ಮ್ಯಾನೇಜರ್‌ಗಳ ಕಣ್ಣು ಇರುವುದೇ ಆ ನಾಲ್ಕೈದು ವರ್ಷದ ಮೇಲೆ.

ಹಾಗಾದರೆ ಹಿರಿಯನನ್ನು ತಕ್ಷಣ ಕಳಿಸಿಬಿಡಬಹುದಾ? ಇಲ್ಲ, ಅಲ್ಲೊಂದು ಗಂಟಿದೆ. ಅದಕ್ಕೆ ಇಲ್ಲಿಯವರು ಡೆಡ್ ಮನಿ ಅನ್ನುತ್ತಾರೆ. ಸಹಿ ಹಾಕುವಾಗ ಆಟಗಾರನಿಗೆ ದೊಡ್ಡ ಬೋನಸ್ ಕೊಡುತ್ತಾರೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ಅದನ್ನು ಐದು ವರ್ಷದವರೆಗೆ ಹಂಚಬಹುದು. 50 ಮಿಲಿಯನ್ ಬೋನಸ್ ಅಂದುಕೊಳ್ಳಿ, ವರ್ಷಕ್ಕೆ 10ರಂತೆ ಬರೆಯುತ್ತಾರೆ. ಎರಡೇ ವರ್ಷಕ್ಕೆ ಅವನನ್ನು ಕಳಿಸಿದರೆ ಉಳಿದ 30 ಮಿಲಿಯನ್ ತಂಡದ ತಲೆಗೇ ಬರುತ್ತದೆ. ಗಾಡಿ ಮಾರಿದ ಮೇಲೂ ಸಾಲದ ಕಂತು ಕಟ್ಟುತ್ತಾ ಇದ್ದ ಹಾಗೆ. 2023ರಲ್ಲಿ ರಾಜರ್ಸ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿದ ಮೇಲೂ ಪ್ಯಾಕರ್ಸ್ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ ಸುಮಾರು 40 ಮಿಲಿಯನ್ ಉಳಿದಿತ್ತು. ಹಾಗಾಗಿ "ಇವನನ್ನು ತೆಗೆದುಹಾಕಿ" ಅಂತ ಸಹೋದ್ಯೋಗಿ ಸಿಟ್ಟಿನಲ್ಲಿ ಹೇಳಿದರೆ, "ಡೆಡ್ ಮನಿ ಎಷ್ಟಿದೆ?" ಅಂತ ಕೇಳಿ ನೋಡಿ. ಮಾತು ತಾನಾಗಿ ಮುಂದುವರಿಯುತ್ತದೆ.

ಗ್ರೀನ್ ಬೇಗೆ ಇದೆಲ್ಲ ಹೊಸದಲ್ಲ. 1992ರಿಂದ ಅಲ್ಲಿ ಬ್ರೆಟ್ ಫಾರ್ವ್ ಆಡುತ್ತಿದ್ದ. ಸತತವಾಗಿ ಮೂರು ಸಲ ಎಂವಿಪಿ, ಅಂದರೆ ಸೀಸನ್‌ನ ಅತ್ಯಮೂಲ್ಯ ಆಟಗಾರ. 2005ರ ಡ್ರಾಫ್ಟ್‌ನಲ್ಲಿ 24ನೆಯವನಾಗಿ ರಾಜರ್ಸ್ ಬಂದ, ಮೂರು ವರ್ಷ ಬೆಂಚಿನಲ್ಲಿ ಕೂತ. 2008ರ ಮಾರ್ಚ್‌ನಲ್ಲಿ ಫಾರ್ವ್ ಕಣ್ಣೀರು ಹಾಕುತ್ತಾ ನಿವೃತ್ತಿ ಹೇಳಿದ. ಬೇಸಿಗೆಗೆ ಮನಸ್ಸು ಬದಲಾಯಿಸಿ ವಾಪಸ್ ಬರುತ್ತೇನೆ ಅಂದ. ತಂಡ ಒಪ್ಪಲಿಲ್ಲ, ಆಗಸ್ಟ್‌ನಲ್ಲಿ ಜೆಟ್ಸ್‌ಗೆ ಕಳಿಸಿತು. ಅಭ್ಯಾಸದ ದಿನ ಕೆಲವು ಅಭಿಮಾನಿಗಳು ರಾಜರ್ಸ್‌ನನ್ನೇ ಗೇಲಿ ಮಾಡಿದರು. ಅವನ ಮೊದಲ ಸೀಸನ್ 6 ಗೆಲುವು, 10 ಸೋಲು. ಮರುವರ್ಷ ಫಾರ್ವ್ ಬದ್ಧ ವೈರಿ ಮಿನ್ನೆಸೋಟ ವೈಕಿಂಗ್ಸ್ ಸೇರಿ ಪ್ಯಾಕರ್ಸ್‌ನನ್ನು ಎರಡು ಸಲ ಸೋಲಿಸಿದ. ಆ ದಿನಗಳ ಬಗ್ಗೆ ಇಲ್ಲಿನ ಹಿರಿಯರು ಇವತ್ತಿಗೂ ದನಿ ತಗ್ಗಿಸಿ ಮಾತಾಡುತ್ತಾರೆ. 2011ರ ಫೆಬ್ರವರಿಯಲ್ಲಿ ರಾಜರ್ಸ್ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ ಮೇಲೆ ಊರಿನ ಮನಸ್ಸು ಹಗುರವಾಯಿತು.

ಮುಂದೆ ಅದೇ ಜಾಗದಲ್ಲಿ ರಾಜರ್ಸ್ ಹಿರಿಯನಾದ, ಲವ್ ಕಾಯುವವನಾದ. ಸಿಟ್ಟಿಗೋ ಛಲಕ್ಕೋ, ರಾಜರ್ಸ್ 2020 ಮತ್ತು 2021ರಲ್ಲಿ ಮತ್ತೆ ಎಂವಿಪಿ ಆದ. ಲವ್‌ಗೂ ಮೂರು ವರ್ಷ ಬೆಂಚು. 2023ರಲ್ಲಿ ಜಾಗ ಸಿಕ್ಕಿತು. ಮೊದಲ ತಿಂಗಳುಗಳು ಕಷ್ಟದ್ದು, ತಂಡ ಸೋಲುತ್ತಾ ಇತ್ತು. ಆದರೆ ಜನವರಿ ಹೊತ್ತಿಗೆ ಪ್ಲೇಆಫ್‌ನಲ್ಲಿ ಡಲ್ಲಾಸ್ ಕೌಬಾಯ್ಸ್‌ನನ್ನು ಅವರದೇ ಮೈದಾನದಲ್ಲಿ 48-32ರಿಂದ ಸೋಲಿಸಿದರು. 2024ರ ಜುಲೈನಲ್ಲಿ ಲವ್‌ಗೆ 4 ವರ್ಷಕ್ಕೆ 220 ಮಿಲಿಯನ್‌ನ ಹೊಸ ಒಪ್ಪಂದ ಬಂತು. ಅಗ್ಗದ ಹುಡುಗನ ಕಾಲ ಅಲ್ಲಿಗೆ ಮುಗಿಯಿತು.

ಎಲ್ಲ ಕಡೆ ಇಷ್ಟು ತಾಳ್ಮೆ ಇರುವುದಿಲ್ಲ. ಕಾನ್ಸಸ್ ಸಿಟಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಕಾದಿದ್ದು ಒಂದೇ ವರ್ಷ. ಆ ವರ್ಷ ಅವನ ಮುಂದಿದ್ದ ಅಲೆಕ್ಸ್ ಸ್ಮಿತ್ ತನ್ನ ಜೀವಮಾನದ ಅತ್ಯುತ್ತಮ ಸೀಸನ್ ಆಡಿದ, ಆದರೂ ಅವನನ್ನು ಕಳಿಸಿದರು. ಸ್ಮಿತ್ ಬಗ್ಗೆ ನನಗೆ ತುಂಬಾ ಗೌರವ. ತನ್ನ ಜಾಗಕ್ಕೆ ಬಂದ ಹುಡುಗನಿಗೆ ಅವನು ಮನಸಾರೆ ಕಲಿಸಿದ, ಮಹೋಮ್ಸ್ ಅದನ್ನು ಎಷ್ಟೋ ಸಲ ನೆನೆದಿದ್ದಾನೆ. ಅಟ್ಲಾಂಟಾದಲ್ಲಿ ಇನ್ನೂ ವಿಚಿತ್ರ: 2024ರ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್‌ಗೆ 180 ಮಿಲಿಯನ್‌ನ ಒಪ್ಪಂದ, ಏಪ್ರಿಲ್‌ನಲ್ಲಿ ಮೈಕಲ್ ಪೆನಿಕ್ಸ್ ಆಯ್ಕೆ, ಡಿಸೆಂಬರ್‌ನಲ್ಲಿ ಕಸಿನ್ಸ್ ಬೆಂಚಿಗೆ.

ಇಂಥ ಬದಲಾವಣೆಯನ್ನು ಮೊದಲೇ ಗುರುತಿಸಬೇಕು ಅಂದರೆ ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್‌ನ ಮೊದಲ ಸುತ್ತು ನೋಡಿ, ಅದು ಗುರುವಾರ ರಾತ್ರಿ ಬರುತ್ತದೆ. ನಿಮ್ಮ ಊರಿನ ತಂಡ ಕ್ವಾರ್ಟರ್‌ಬ್ಯಾಕ್ ಹೆಸರು ಕೂಗಿದರೆ, ಈಗಿರುವವನ ವಯಸ್ಸು ಮತ್ತು ಅವನ ಒಪ್ಪಂದದಲ್ಲಿ ಉಳಿದ ವರ್ಷ ಎರಡನ್ನೂ ಬರೆದಿಟ್ಟುಕೊಳ್ಳಿ. ಮರುದಿನ ಆಫೀಸಿನಲ್ಲಿ ಯಾರಾದರೂ ಹಿರಿಯ ಅಭಿಮಾನಿ ಬೇಜಾರಲ್ಲಿ ಕೂತಿದ್ದರೆ ಒಂದು ಕಾಫಿ ತಂದುಕೊಟ್ಟು, ಹಳೆಯವನ ಯಾವ ಆಟ ಅವರಿಗೆ ತುಂಬಾ ಇಷ್ಟ ಅಂತ ಕೇಳಿ.